ದೇವಿಮನೆ ಘಟ್ಟ ಹತ್ತಿದ ದಿನ ಮಾತ್ರ ಕೂಲೆಂಟ್ ಕಡಿಮೆ. ಹೆಡ್ ಗ್ಯಾಸ್ಕೆಟ್ ಹೌದೋ ಅಲ್ಲವೋ?

ಅಬ್ಬಿನೀರು, ಶಿರಸಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಶಿರಸಿ ಪೇಟೆಯಿಂದ 14 ಕಿಲೋಮೀಟರ್ ಒಳಗೆ, ತೋಟದ ಬುಡದಲ್ಲಿ. ಕಾರು 2012ರದ್ದು, ಪೆಟ್ರೋಲ್, ನಾಲ್ಕು ಸಿಲಿಂಡರ್, 1,18,000 ಕಿಲೋಮೀಟರ್ ಓಡಿದೆ. ಕಂಪನಿ ಹೆಸರು ಬೇಡ. ಇಷ್ಟು ವರ್ಷ ದುಡಿದ ಗಾಡಿಯ ಮೇಲೆ ನನಗೇನೂ ಸಿಟ್ಟಿಲ್ಲ.

ಅಪ್ಪಯ್ಯನ ಕಣ್ಣಿನ ಆಪರೇಷನ್ ಕುಮಟೆಯಲ್ಲಿ ಆಯಿತು. ತಂಗಿಯ ಮನೆ ಅಲ್ಲೇ ಇದೆ, ಅನುಕೂಲ ಅಂತ. ಹಾಗಾಗಿ ಈಗ ಹದಿನೈದು ದಿನಕ್ಕೊಮ್ಮೆ ದೇವಿಮನೆ ಘಟ್ಟ ಇಳಿದು ಹತ್ತುವ ಕೆಲಸ. ಕೂಲೆಂಟ್, ಅಂದರೆ ಎಂಜಿನ್ ತಣ್ಣಗಿಡುವ ನೀರು, ಇಳಿಯುವ ತೊಂದರೆ ಶುರುವಾದದ್ದೂ ಆವಾಗಿನಿಂದ.

ಅಡಿಕೆ ತೂಕ ಬರೆಯುವ ಪುಸ್ತಕದ ಹಿಂದಿನ ಪುಟದಲ್ಲಿ ಲೆಕ್ಕ ಇಟ್ಟಿದ್ದೇನೆ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ರೇಡಿಯೇಟರ್ ಕ್ಯಾಪ್ ತೆಗೆದು, ಆಯಿಯ ಕಷಾಯದ ಅಳತೆ ಲೋಟದಲ್ಲಿ ನೀರು ಹಾಕಿ, ಎಷ್ಟು ಹಿಡಿಯಿತು ಎಂದು ಬರೆದದ್ದು. ನವೆಂಬರ್ 9, ಕುಮಟೆಗೆ ಹೋಗಿ ಬಂದ ಮರುದಿನ 300 ಮಿಲಿ. ಆಮೇಲೆ ಹನ್ನೆರಡು ದಿನ, ಶಿರಸಿ ಪೇಟೆಗೆ ಐದು ಸಲ ಹೋಗಿದ್ದೇನೆ, ಒಂದು ಹನಿಯೂ ಇಳಿದಿಲ್ಲ. ನವೆಂಬರ್ 23, ಕುಮಟೆ, 350. ಡಿಸೆಂಬರ್ 7, ಕುಮಟೆ, 450.

ಕೆಳಗೆ ಎಲ್ಲೂ ಸೋರುವುದಿಲ್ಲ. ಹಳೆ ಕ್ಯಾಲೆಂಡರ್ ಹಾಳೆಗಳನ್ನು ಬಿಳಿ ಬದಿ ಮೇಲೆ ಮಾಡಿ, ಎರಡು ರಾತ್ರಿ ಗಾಡಿಯ ಅಡಿಗೆ ಹಾಸಿ ನೋಡಿದೆ. ಬೆಕ್ಕಿನ ಹೆಜ್ಜೆ ಬಿಟ್ಟರೆ ಏನೂ ಇಲ್ಲ. ಆದರೆ ಕುಮಟೆಯಿಂದ ಬಂದ ದಿನ ಪಕ್ಕದ ಕೂಲೆಂಟ್ ಬಾಟಲಿಯಲ್ಲಿ ನೀರು ಮ್ಯಾಕ್ಸ್ ಗೆರೆ ದಾಟಿರುತ್ತದೆ. ಬೆಳಗಾದರೂ ಇಳಿದಿರುವುದಿಲ್ಲ. ಬಾಟಲಿ ತುಂಬಿ, ರೇಡಿಯೇಟರ್ ಖಾಲಿ. ಇದೆಂಥ ಲೆಕ್ಕ?

ಇನ್ನೂ ಕೆಲವು. ಘಟ್ಟದ ಕೊನೆಯ ತಿರುವುಗಳಲ್ಲಿ ಟೆಂಪರೇಚರ್ ಮುಳ್ಳು ಅರ್ಧದಿಂದ ಸ್ವಲ್ಪ ಮೇಲೆ ಹೋಗುತ್ತದೆ, ರಾಗಿಹೊಸಳ್ಳಿ ಬರುವಷ್ಟರಲ್ಲಿ ಸರಿಯಾಗುತ್ತದೆ. ಕುಮಟೆಗೆ ಹೋದ ಮರುದಿನ ಬೆಳಿಗ್ಗೆ ಸೆಲ್ಫ್ ಹೊಡೆದರೆ ಮೂರು ನಾಲ್ಕು ಸೆಕೆಂಡು ಎಂಜಿನ್ ಕುಂಟುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಸೈಲೆನ್ಸರ್‌ನಿಂದ ಬಿಳಿ ಹೊಗೆ ಬರುತ್ತದೆ, ಆದರೆ ಈ ಚಳಿಗೆ ನನ್ನ ಬಾಯಿಂದಲೂ ಬರುತ್ತದೆ. ಆಯಿಲ್ ಹಾಕುವ ಮುಚ್ಚಳದ ಒಳಗೆ ಬೆಣ್ಣೆ ಕಡೆದಾಗ ಬರುವ ನೊರೆಯ ಹಾಗೆ ಸ್ವಲ್ಪ ಅಂಟಿದೆ. ಆಯಿಲ್ ಮಟ್ಟ ನೋಡುವ ಕಡ್ಡಿಯಲ್ಲಿ, ಡಿಪ್‌ಸ್ಟಿಕ್‌ನಲ್ಲಿ, ಆಯಿಲ್ ಚೆನ್ನಾಗಿಯೇ ಇದೆ.

ಒಬ್ಬ ಮೆಕ್ಯಾನಿಕ್ "ಹೆಡ್ ಗ್ಯಾಸ್ಕೆಟ್, ನಾಳೆಯೇ ಬಿಚ್ಚೋಣ" ಅಂದ. ಇನ್ನೊಬ್ಬ "ಹಳೇ ಗಾಡಿ ನೀರು ಕುಡಿಯುತ್ತದೆ, ಹಾಕ್ತಾ ಇರಿ" ಅಂದ. ಯಾರನ್ನು ನಂಬಲಿ? ಈಗ ಕೊಯ್ಲಿನ ಹೊತ್ತು, ಗಾಡಿ ಬಿಟ್ಟು ಕೂರುವುದೂ ಕಷ್ಟ.

ಶರಾವತಿ ದಡ, ಹೊನ್ನಾವರ

ಎರಡು ಚಮಚ ಅರಿಶಿನ ಪುಡಿ ರೇಡಿಯೇಟರ್‌ಗೆ ಹಾಕಿ ನೋಡಿ. ನಮ್ಮ ಟೆಂಪೋಗೆ ಹಾಕಿ ಒಂದು ಮಳೆಗಾಲ ತಳ್ಳಿದ್ದೇವೆ. ಸುಮ್ನೆ ಹೆಡ್ ಬಿಚ್ಚಿದರೆ ಗಾಡಿಯ ಕಥೆ ಮುಗಿಯಿತು.

ಹಳೇ ಫಿಟ್ಟರ್, ಅಂಕೋಲಾ

ಹೊನ್ನಾವರದವರೆ, ಅರಿಶಿನವನ್ನು ಮೀನು ಸಾರಿಗೆ ಹಾಕಿ. ರೇಡಿಯೇಟರ್‌ನ ಸಣ್ಣ ತೂತಿಗೆ ಅದು ದಾರಿಯಲ್ಲಿ ಮನೆ ಮುಟ್ಟಿಸೀತು, ಒಪ್ಪುತ್ತೇನೆ. ಹೆಡ್ ಗ್ಯಾಸ್ಕೆಟ್‌ನ ಬೆಂಕಿ ಮುಂದೆ ಅದು ನಿಲ್ಲುವುದಿಲ್ಲ. ಹೀಟರ್‌ನ ಸಣ್ಣ ಪೈಪುಗಳಲ್ಲಿ ಹೋಗಿ ಕೂತು ಇನ್ನೊಂದು ಕೆಲಸ ಹಚ್ಚುತ್ತದೆ. ಅಂಗಡಿಯಲ್ಲಿ ಸಿಗುವ ಲೀಕ್ ಪುಡಿಗಳಿಗೂ ಇದೇ ಮಾತು.

ಅಬ್ಬಿನೀರು ಅವರೆ, ಮೊದಲು ಆ ಪುಸ್ತಕಕ್ಕೆ ಒಂದು ನಮಸ್ಕಾರ. ಮೂವತ್ತು ವರ್ಷ ಲಾರಿ ಬಿಚ್ಚಿದ್ದೇನೆ, ಹೀಗೆ ಬರೆದುಕೊಂಡು ಬಂದ ಗಿರಾಕಿ ಒಬ್ಬನೂ ಇಲ್ಲ. ನೀವು ಬರೆದದ್ದರಲ್ಲೇ ಅರ್ಧ ಉತ್ತರ ಇದೆ. ಪೇಟೆಗೆ ಹೋದರೆ ಇಲ್ಲ, ಘಟ್ಟ ಹತ್ತಿದರೆ ಇದೆ. ಹೋಸ್ ಪೈಪಿನ ಸೋರಿಕೆಗೆ ಘಟ್ಟವೂ ಪೇಟೆಯೂ ಅಷ್ಟು ಬೇರೆ ಅಲ್ಲ. ಎಂಜಿನ್ ಭಾರ ಎಳೆಯುವಾಗ ಮಾತ್ರ ಬರುವ ರೋಗ ಇದು.

ಅದಿರು ಲಾರಿಗಳ ಕಾಲದಲ್ಲಿ ಅರಬೈಲ್ ಘಟ್ಟದಲ್ಲಿ ಇದನ್ನೇ ನೋಡುತ್ತಿದ್ದೆ. ಅವು ತುಂಬಿಕೊಂಡು ಬೇಲೆಕೇರಿಗೆ ಇಳಿಯುತ್ತಿದ್ದವು, ಖಾಲಿಯಾಗಿ ಹತ್ತುತ್ತಿದ್ದವು. ಹೆಡ್ ಹೋಗಿದೆ ಅಂತ ನನ್ನ ಬಾಗಿಲಿಗೆ ಬರುತ್ತಿದ್ದದ್ದು ಹೆಚ್ಚಾಗಿ ಮೀನು ಲಾರಿಗಳು, ಅವು ತುಂಬಿಕೊಂಡು ಹತ್ತುವಂಥವು.

ಗ್ಯಾಸ್ಕೆಟ್ ಅಂದರೆ ಸಿಲಿಂಡರ್‌ಗಳಿರುವ ಬ್ಲಾಕಿಗೂ ಅದರ ಮೇಲೆ ಮುಚ್ಚಳದ ಹಾಗೆ ಕೂರುವ ಹೆಡ್ಡಿಗೂ ನಡುವಿನ ತೆಳು ಹಾಳೆ. ಅದರ ಒಂದು ಬದಿ ಬೆಂಕಿ, ಒಂದು ಬದಿ ನೀರು, ಇನ್ನೊಂದು ಬದಿ ಆಯಿಲ್. ಎಂಜಿನ್ ಜೋರಾಗಿ ಎಳೆಯುವಾಗ ಸಿಲಿಂಡರ್ ಒಳಗಿನ ಒತ್ತಡ ನೀರಿನ ಬದಿಯ ಒತ್ತಡಕ್ಕಿಂತ ಹತ್ತಾರು ಪಟ್ಟು ಜಾಸ್ತಿ. ಕೂದಲಿನಷ್ಟು ದಾರಿ ಸಿಕ್ಕರೂ ಹೊಗೆ ನೀರಿಗೆ ನುಗ್ಗುತ್ತದೆ. ಆ ಹೊಗೆ ರೇಡಿಯೇಟರ್‌ನ ಮೇಲ್ಭಾಗದಲ್ಲಿ ತುಂಬಿ, ನೀರನ್ನು ಬಾಟಲಿಗೆ ತಳ್ಳುತ್ತದೆ. ಎಂಜಿನ್ ಆರಿಸಿದ ಮೇಲೆ ಗಾಳಿ ಉಲ್ಟಾ ಬೀಸುತ್ತದೆ. ಸಿಲಿಂಡರ್ ಸುಮ್ಮನಾಯಿತು, ನೀರಿನ ಬದಿಯಲ್ಲಿ ಒತ್ತಡ ಉಳಿಯಿತು. ಆಗ ಅದೇ ದಾರಿಯಲ್ಲಿ ನೀರು ಸಿಲಿಂಡರ್‌ಗೆ ಇಳಿಯುತ್ತದೆ. ಬೆಳಿಗ್ಗೆ ಮೂರು ಸೆಕೆಂಡಿನ ಕುಂಟು ಅದೇ ಇರಬಹುದು.

"ಇರಬಹುದು" ಅಂದೆ. ಯಾಕೆಂದರೆ ಬಾಟಲಿ ತುಂಬಿ ರೇಡಿಯೇಟರ್ ಖಾಲಿಯಾಗುವ ಆಟವನ್ನು 250 ರೂಪಾಯಿಯ ಕ್ಯಾಪ್ ಕೂಡ ಆಡುತ್ತದೆ. ಕ್ಯಾಪ್‌ನಲ್ಲಿ ಎರಡು ವಾಲ್ವ್. ದೊಡ್ಡದು ಒತ್ತಡ ಹಿಡಿಯುತ್ತದೆ, ಚಿಕ್ಕದು ತಣ್ಣಗಾದ ಮೇಲೆ ಬಾಟಲಿಯಿಂದ ನೀರನ್ನು ವಾಪಸ್ ಎಳೆಯಲು ಬಿಡುತ್ತದೆ. ಚಿಕ್ಕದು ಕೆಟ್ಟರೆ ಬಾಟಲಿಯ ನೀರು ಅಲ್ಲೇ ಉಳಿಯಿತು. ದೊಡ್ಡದು ಸಡಿಲವಾದರೆ ನೀರು ಬೇಗ ಕುದಿಯಿತು. 0.9 ಎಂದು ಬರೆದ (ಅದು ಹಿಡಿಯುವ ಒತ್ತಡದ ನಂಬರ್) ಕ್ಯಾಪ್ ಸರಿಯಾಗಿದ್ದರೆ ಬರೀ ನೀರು ಕೂಡ ಸುಮಾರು 118 ಡಿಗ್ರಿವರೆಗೆ ಕುದಿಯದೆ ತಡೆಯುತ್ತದೆ. ಕೆಟ್ಟರೆ ಅದೇ 100. ಹಾಗಾಗಿ ಮೊದಲು ಹೊಸ ಕ್ಯಾಪ್. ಹಳೆಯದರ ಮೇಲೆ ಯಾವ ನಂಬರ್ ಇದೆಯೋ ಅದೇ ನಂಬರ್. ಜಾಸ್ತಿ ಇದ್ದರೆ ಒಳ್ಳೆಯದು ಅಂತ ದೊಡ್ಡದು ತರಬೇಡಿ.

ಆಮೇಲೆ ಇನ್ನೊಂದು ಪರೀಕ್ಷೆ, ಅದಕ್ಕೆ ದುಡ್ಡಿಲ್ಲ. ಘಟ್ಟ ಹತ್ತಿ ಬಂದ ಮರುದಿನ ಬೆಳಿಗ್ಗೆ, ಗಾಡಿ ಚಾಲೂ ಮಾಡುವ ಮೊದಲು, ರೇಡಿಯೇಟರ್‌ನ ಮೇಲಿನ ದಪ್ಪ ಪೈಪನ್ನು ಕೈಯಲ್ಲಿ ಹಿಚುಕಿ. ರಾತ್ರಿಯಿಡೀ ತಣ್ಣಗಾದ ಪೈಪು ಮೆತ್ತಗಿರಬೇಕು. ಗಟ್ಟಿ ಇದ್ದು, ಕ್ಯಾಪ್ ತೆಗೆದಾಗ ಉಸ್ ಎಂದರೆ ಒಳಗಿರುವುದು ಆವಿ ಅಲ್ಲ. ಆವಿಯಾಗಿದ್ದರೆ ತಣ್ಣಗಾದಾಗ ನೀರಾಗುತ್ತಿತ್ತು. ಅದು ಎಂಜಿನ್ನಿನ ಹೊಗೆ.

ಆಯಿಲ್ ಮುಚ್ಚಳದ ಬೆಣ್ಣೆಗೆ ಸದ್ಯ ಹೆದರಬೇಡಿ. ನಿಮ್ಮ ಮಲೆನಾಡಿನ ತಂಪಿನಲ್ಲಿ ದಿನಾ ಸ್ವಲ್ಪ ದೂರ ಓಡುವ ಗಾಡಿಗೆಲ್ಲ ಅದು ಬರುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಬೆಣ್ಣೆ ಬಂದರೆ ಆವತ್ತೇ ಗಾಡಿ ನಿಲ್ಲಿಸಿ.

ಒಂದು ಪ್ರಶ್ನೆ. ಈ ಗಾಡಿ ಯಾವತ್ತಾದರೂ ಒಮ್ಮೆ ಕೆಂಪು ಗೆರೆ ಮುಟ್ಟಿತ್ತಾ? ನೆನಪು ಮಾಡಿ ಹೇಳಿ. ಗ್ಯಾಸ್ಕೆಟ್ ತಾನಾಗಿ ಹೋಗುವುದು ಕಡಿಮೆ.

ಅಬ್ಬಿನೀರು, ಶಿರಸಿ

ಫಿಟ್ಟರ್ ಸಾಹೇಬ್ರೆ, ಬಹಳ ಉಪಕಾರ. ಕೆಂಪು ಮುಟ್ಟಿದ್ದು ನನಗೆ ಗೊತ್ತಿದ್ದ ಹಾಗೆ ಇಲ್ಲ. ಈ ಗಾಡಿ ಹೆಚ್ಚಾಗಿ ನಾನೇ ಓಡಿಸುವುದು. ಕ್ಯಾಪ್ ನಾಳೆ ತರುತ್ತೇನೆ. ಅಂದ ಹಾಗೆ ನಾನು ಹಾಕುತ್ತಿದ್ದದ್ದು ಗುಡ್ಡದಿಂದ ಬರುವ ಅಬ್ಬಿ ನೀರು. ಶುದ್ಧ ಅಲ್ವಾ, ತೊಂದರೆ ಇಲ್ಲವಲ್ಲ?

ಸದಾಶಿವಗಡ, ಕಾರವಾರ

ಮಧ್ಯೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ಹೆಡ್ ಬಿಚ್ಚುವ ಮೊದಲು ನನ್ನ ಕಥೆ ಕೇಳಿ.

ಎರಡು ವರ್ಷದ ಹಿಂದೆ ನನ್ನ ಕಾರಿನಲ್ಲೂ ಕೂಲೆಂಟ್ ಇಳಿಯುತ್ತಿತ್ತು. ಕೆಳಗೆ ಒಂದು ಹನಿ ಇಲ್ಲ. ಗ್ಯಾರೇಜಿನವರು ನೋಡಿದ ಕೂಡಲೇ ಹೆಡ್ ಅಂದರು, ಬಿಚ್ಚಿದರು, 19,000 ರೂಪಾಯಿ ಆಯಿತು. ತಿಂಗಳು ಕಳೆಯುವುದರೊಳಗೆ ಮತ್ತೆ ಅದೇ ಕತೆ. ಕೊನೆಗೆ ಗೋವಾಕ್ಕೆ ಹೋದಾಗ ಬೇರೆಯವರು ಟಾರ್ಚ್ ಹಿಡಿದು ತೋರಿಸಿದರು. ವಾಟರ್ ಪಂಪಿನ ಕೆಳಗೊಂದು ಚಿಕ್ಕ ತೂತು ಇರುತ್ತದಂತೆ, ಒಳಗಿನ ಸೀಲ್ ಹೋದರೆ ನೀರು ಅಲ್ಲಿಂದ ಹೊರಬರಲಿ ಅಂತಲೇ ಇಟ್ಟದ್ದು. ಎಂಜಿನ್ ಬಿಸಿ ಇದ್ದಾಗ ಮಾತ್ರ ಅಲ್ಲಿ ಜಿನುಗಿ, ಬಿಸಿ ಬ್ಲಾಕಿನ ಮೇಲೆಯೇ ಒಣಗಿ ಹೋಗುತ್ತಿತ್ತು. ಗುಲಾಬಿ ಬಣ್ಣದ ಉಪ್ಪಿನ ಹಾಗೆ ಗಟ್ಟಿಯಾಗಿ ಕೂತಿತ್ತು. ನೆಲಕ್ಕೆ ಬೀಳುವುದೇ ಇಲ್ಲ, ಹಾಳೆ ಹಾಸಿದರೆ ಏನು ಸಿಗುತ್ತದೆ?

ನಿಮ್ಮ ಕ್ಯಾಲೆಂಡರ್ ಹಾಳೆಯನ್ನು ನಂಬಿ ಕೂರಬೇಡಿ ಅಂತ ಹೇಳಿದ್ದು. ಎಡಗಡೆ ಮುಂದಿನ ಸೀಟಿನ ಕಾಲಡಿಯ ಮ್ಯಾಟ್ ಎತ್ತಿ ಕೂಡ ನೋಡಿ. ಅಲ್ಲಿ ಒದ್ದೆ ಇದ್ದು, ಗಾಜಿನ ಒಳಗೆ ಅಂಟಂಟು ಮಂಜು ಕೂರುತ್ತಿದ್ದರೆ ಹೀಟರ್ ಸೋರುತ್ತಿದೆ ಅಂತ ಅರ್ಥ.

ಹಳೇ ಫಿಟ್ಟರ್, ಅಂಕೋಲಾ

ಕಾರವಾರದ ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಹೊರಗೆ ನೋಡಿ ಮುಗಿಸದೆ ಒಳಗೆ ಕೈ ಹಾಕಬಾರದು.

ಅಬ್ಬಿ ನೀರು ಬೋರ್‌ವೆಲ್ ನೀರಿಗಿಂತ ಎಷ್ಟೋ ವಾಸಿ. ಆದರೆ ಸಲ ಸಲಕ್ಕೂ ಬರೀ ನೀರು ಹಾಕಿದರೆ ಕೂಲೆಂಟ್ ತೆಳುವಾಯಿತು. ಅದರಲ್ಲಿ ತುಕ್ಕು ತಡೆಯುವ ಔಷಧಿ ಇರುವುದು, ಅದೂ ತೆಳುವಾಯಿತು. ನಿಮ್ಮ ಹೆಡ್ ಅಲ್ಯೂಮಿನಿಯಂ, ಅದನ್ನು ನೀರು ತಿನ್ನುತ್ತದೆ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಮತ್ತು ಕೂಲೆಂಟ್, ಸಮ ಸಮ. ಮತ್ತೆ, ಚೆಲ್ಲಿದ ಕೂಲೆಂಟನ್ನು ಅಂಗಳದಲ್ಲಿ ಬಿಡಬೇಡಿ. ರುಚಿ ಸಿಹಿ, ನಾಯಿ ನೆಕ್ಕುತ್ತದೆ, ನೆಕ್ಕಿದರೆ ಮೂತ್ರಪಿಂಡ ಹೋಗಿ ಸಾಯುತ್ತದೆ. ಕೊಟ್ಟಿಗೆ ಕಡೆಗೂ ಹರಿಯದ ಹಾಗೆ ನೋಡಿಕೊಳ್ಳಿ.

ಅಬ್ಬಿನೀರು, ಶಿರಸಿ

ಹನ್ನೆರಡು ದಿನದ ವರದಿ.

ಹೊಸ ಕ್ಯಾಪ್ ಹಾಕಿದೆ, 0.9ರದ್ದೇ. ಮ್ಯಾಟ್ ಎತ್ತಿದೆ, ಒಣಗಿದೆ. ವಾಟರ್ ಪಂಪಿನ ತೂತಿಗೆ ಟಾರ್ಚ್ ಬಿಟ್ಟು, ಹೆಂಡತಿಯ ಕೈಗನ್ನಡಿ ಹಿಡಿದು ನೋಡಿದೆ. ಧೂಳು ಬಿಟ್ಟರೆ ಯಾವ ಬಣ್ಣವೂ ಇಲ್ಲ. ಕನ್ನಡಿಗೆ ಗ್ರೀಸ್ ಹತ್ತಿ ಬೈಸಿಕೊಂಡೆ.

ಡಿಸೆಂಬರ್ 21ಕ್ಕೆ ಕುಮಟೆಗೆ ಹೋಗಿ ಬಂದೆವು. ಮರುದಿನ ಬೆಳಿಗ್ಗೆ ಆರೂವರೆಗೆ ಬಾನೆಟ್ ಎತ್ತಿ ಪೈಪು ಹಿಚುಕಿದೆ. ಎಳೆಯ ಬಾಳೆದಿಂಡಿನಷ್ಟು ಗಟ್ಟಿ. ಬಟ್ಟೆ ಹಾಕಿ ಕ್ಯಾಪ್ ತಿರುಗಿಸಿದರೆ ಉಸ್ಸ್! ಕೈ ಮುಟ್ಟಿದರೆ ಎಂಜಿನ್ ಮಂಜಿನ ಹಾಗೆ ತಣ್ಣಗಿದೆ. ಅಪ್ಪಯ್ಯ ಜಗುಲಿಯಲ್ಲಿ ಕೂತು ಕೇಳಿಸಿಕೊಂಡು "ಅದೆಂಥದೋ ಸೋಡಾ ಬಾಟಲಿ ಒಡೆದ ಹಾಗಾಯ್ತಲ್ಲೋ" ಅಂದ. ಪುಸ್ತಕದಲ್ಲಿ ಬರೆದದ್ದು 500.

ಮತ್ತೊಂದು. ಮೇಲೆ ಹತ್ತುವಾಗ ಮುಳ್ಳು ಏರಿದಾಗ ಹೀಟರ್ ಹಾಕಿದೆ. ಮೊದಲು ಬಿಸಿ ಗಾಳಿ, ಒಂದು ತಿರುವಿನಲ್ಲಿ ಇದ್ದಕ್ಕಿದ್ದ ಹಾಗೆ ತಣ್ಣನೆ ಗಾಳಿ, ಮತ್ತೆ ಬಿಸಿ.

ಹಳೇ ಫಿಟ್ಟರ್, ಅಂಕೋಲಾ

ಇನ್ನು ಆ ಗಾಡಿಯಲ್ಲಿ ಘಟ್ಟ ಹತ್ತಬೇಡಿ. ಅಪ್ಪಯ್ಯನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ.

ಹೀಟರ್ ತಣ್ಣಗಾಯಿತು ಅಂದರೆ ಆ ಹೊತ್ತಿಗೆ ಅದರಲ್ಲಿ ನೀರಿರಲಿಲ್ಲ, ಹೊಗೆಯ ಗುಳ್ಳೆ ಇತ್ತು. ಆಗ ಮುಳ್ಳನ್ನೂ ನಂಬಬಾರದು. ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿ ಹೇಳುತ್ತದೆ. ನೀರು ಪೂರಾ ಹೋದ ಮೇಲೆ ಮುಳ್ಳು ಕೆಳಗಿಳಿದದ್ದನ್ನು ನೋಡಿ, ಸರಿಯಾಯಿತು ಅಂತ ಓಡಿಸಿ ಎಂಜಿನ್ ಜಾಮ್ ಮಾಡಿಕೊಂಡವರಿದ್ದಾರೆ. ದಾರಿಯಲ್ಲಿ ಹಾಗಾದರೆ ಬದಿಗೆ ಹಾಕಿ ಆರಿಸಿ, ಗಂಟೆ ಹೊತ್ತು ಕೂರಬೇಕು. ಬಿಸಿಯಲ್ಲಿ ಕ್ಯಾಪ್ ಮುಟ್ಟಬಾರದು, ಬಿಸಿ ಎಂಜಿನ್ನಿಗೆ ತಣ್ಣೀರೂ ಹೊಯ್ಯಬಾರದು.

ಈಗ ಎರಡು ಪರೀಕ್ಷೆ ಮಾಡಿಸಿ. ಹೆಡ್ ಬಿಚ್ಚೋಣ ಅಂದವರ ಹತ್ತಿರವೇ ಹೋಗಿ, ಆದರೆ ಮೊದಲು ಇದನ್ನು ಮಾಡಿ ಅನ್ನಿ.

ಒಂದನೆಯದು ನೀಲಿ ನೀರಿನ ಪರೀಕ್ಷೆ. ತಣ್ಣಗಿರುವಾಗ ಕ್ಯಾಪ್ ತೆಗೆದು, ಸ್ವಲ್ಪ ಕೂಲೆಂಟ್ ಹೊರತೆಗೆದು, ನೀಲಿ ದ್ರವ ಇರುವ ಕೊಳವೆಯನ್ನು ರೇಡಿಯೇಟರ್ ಬಾಯಿಗೆ ಕೂರಿಸುತ್ತಾರೆ. ಎಂಜಿನ್ ಚಾಲೂ ಮಾಡಿ, ಬಿಸಿಯಾದ ಮೇಲೆ ಮೇಲಿನ ಗಾಳಿಯನ್ನು ರಬ್ಬರ್ ಉಂಡೆ ಹಿಚುಕಿ ಆ ದ್ರವದ ಮೂಲಕ ಎಳೆಯುವುದು. ಸಿಲಿಂಡರ್ ಹೊಗೆಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ತಾಗಿದರೆ ನೀಲಿ ಹೋಗಿ ಹಳದಿ ಬರುತ್ತದೆ. ಕೂಲೆಂಟ್ ಕೊಳವೆಯ ಒಳಗೆ ಏರಿದರೆ ಪರೀಕ್ಷೆ ಕೆಟ್ಟಿತು, ಮತ್ತೆ ಮಾಡಬೇಕು. ಎರಡು ನಿಮಿಷ ಐಡ್ಲಿಂಗ್‌ನಲ್ಲಿ ನೋಡಿ "ಏನೂ ಇಲ್ಲ" ಅಂದರೆ ಒಪ್ಪಬೇಡಿ. ನಿಮ್ಮದು ಭಾರಕ್ಕೆ ಬರುವ ರೋಗ. ಹದಿನೈದು ನಿಮಿಷವಾದರೂ, ನಡುನಡುವೆ ರೇಸ್ ಕೊಟ್ಟು ನೋಡಬೇಕು.

ಎರಡನೆಯದು ಕೈಪಂಪು. ತಣ್ಣಗಿರುವಾಗ ಕ್ಯಾಪಿನ ಜಾಗಕ್ಕೆ ಪಂಪು ಕೂರಿಸಿ 0.9ರವರೆಗೆ ಒತ್ತಡ ಕೊಟ್ಟು ರಾತ್ರಿಯಿಡೀ ಬಿಡುವುದು. ಬೆಳಿಗ್ಗೆ ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಬೇಕು. ಬಿಚ್ಚದೆ ಸೆಲ್ಫ್ ಹೊಡೆಯಲೇಬಾರದು. ಸಿಲಿಂಡರ್‌ನಲ್ಲಿ ನೀರು ನಿಂತಿದ್ದರೆ ಅದು ಗಾಳಿಯ ಹಾಗೆ ಅಮುಕಿಕೊಳ್ಳುವುದಿಲ್ಲ, ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಪೆಟ್ರೋಲ್ ಮತ್ತು ಕರೆಂಟ್ ಎರಡನ್ನೂ ತಪ್ಪಿಸಿ, ಪ್ಲಗ್ ಇಲ್ಲದೆ ತಿರುಗಿಸಿದರೆ ಯಾವ ತೂತಿನಿಂದ ನೀರು ಚಿಮ್ಮುತ್ತದೋ ಅದೇ ಕಳ್ಳ. ಮುಖ ಮುಂದಿಡಬೇಡಿ.

ಒಂದು ಪರೀಕ್ಷೆ ಹೊಗೆ ಹೊರಗೆ ಬರುವುದನ್ನು ಹಿಡಿಯುತ್ತದೆ, ಇನ್ನೊಂದು ನೀರು ಒಳಗೆ ಹೋಗುವುದನ್ನು. ಶುರುವಿನ ಹಂತದಲ್ಲಿ ಒಂದರಲ್ಲಿ ಸಿಕ್ಕಿ ಇನ್ನೊಂದರಲ್ಲಿ ಸಿಗದೇ ಇರಬಹುದು. ಅದಕ್ಕೇ ಎರಡೂ ಬೇಕು.

ಶರಾವತಿ ದಡ, ಹೊನ್ನಾವರ

ಅರಿಶಿನದ ಮಾತು ವಾಪಸ್ ತೆಗೆದುಕೊಂಡೆ ಮಾರಾಯ್ರೆ.

ಅಬ್ಬಿನೀರು, ಶಿರಸಿ

ತಡವಾಗಿ ಬರೆಯುತ್ತಿದ್ದೇನೆ. ಕೊನೆಕೊಯ್ಲು ಮುಗಿಯುವವರೆಗೆ ತಲೆ ಎತ್ತಲಾಗಲಿಲ್ಲ.

ನೀಲಿ ನೀರಿನ ಸಾಮಾನು ಶಿರಸಿಯ ಗ್ಯಾರೇಜಿನಲ್ಲಿ ಇರಲಿಲ್ಲ, ಹುಬ್ಬಳ್ಳಿಯಿಂದ ತರಿಸಿದರು. ಐಡ್ಲಿಂಗ್‌ನಲ್ಲಿ ಏಳೆಂಟು ನಿಮಿಷ ನೀಲಿಯೇ ಇತ್ತು. ಹುಡುಗ ನನ್ನ ಮುಖ ನೋಡಿದ, ನಾನು ಫಿಟ್ಟರ್ ಸಾಹೇಬ್ರ ಮಾತು ಹೇಳಿದೆ. ರೇಸ್ ಕೊಡುತ್ತಾ ಹೋದ. ಹನ್ನೊಂದನೇ ನಿಮಿಷಕ್ಕೆ ಹಸಿರಾಯಿತು, ಆಮೇಲೆ ಲಿಂಬೆ ಸಿಪ್ಪೆಯ ಹಳದಿ. ಕೈಪಂಪಿನದ್ದೂ ಮಾಡಿಸಿದೆ. ಬೆಳಿಗ್ಗೆ 0.9 ಇದ್ದದ್ದು 0.5ಕ್ಕೆ ಇಳಿದಿತ್ತು. ಪ್ಲಗ್ ಎಲ್ಲ ತೆಗೆದು ತಿರುಗಿಸಿದಾಗ ಮೂರನೇ ತೂತಿನಿಂದ ನೀರು ಹಾರಿ ಗೋಡೆಗೆ ಬಡಿಯಿತು. ಉಳಿದ ಮೂರು ಪ್ಲಗ್ ಕಂದು ಬಣ್ಣ, ಮೂರನೆಯದು ತೊಳೆದಿಟ್ಟ ಹಾಗೆ ಬೆಳ್ಳಗೆ.

ಹೆಡ್ ಬಿಚ್ಚಿದರು. ಗ್ಯಾಸ್ಕೆಟ್‌ನಲ್ಲಿ ಮೂರನೇ ಸಿಲಿಂಡರ್‌ನ ಉಂಗುರದಿಂದ ಪಕ್ಕದ ನೀರಿನ ತೂತಿನವರೆಗೆ ಕಪ್ಪು ಗೆರೆ, ಇರುವೆ ಸಾಲಿನಷ್ಟು ಅಗಲ. ಇಷ್ಟಕ್ಕೇ ಇಷ್ಟೆಲ್ಲ. ಹೆಡ್ ಬಾಗಿದೆಯೋ ಅಂತ ಅದರ ಮೇಲೆ ಉಕ್ಕಿನ ಪಟ್ಟಿ ಇಟ್ಟು, ಸಂದು ಅಳೆಯುವ ತೆಳು ತಗಡು, ಫೀಲರ್ ಗೇಜ್, ಅಡಿಗೆ ತೂರಿಸಿದರು. 0.05 ಮಿಲಿಮೀಟರ್ ದಾಟಬಾರದು ಎಂದು ಗಾಡಿಯ ಸರ್ವಿಸ್ ಪುಸ್ತಕದಲ್ಲಿದೆ, ಇಲ್ಲಿ 0.1 ಹೋಯಿತು. ಫೇಸಿಂಗ್‌ಗೆ, ಅಂದರೆ ಹೆಡ್ಡಿನ ಮುಖ ಸಮ ಮಾಡಿಸಲು, ಹುಬ್ಬಳ್ಳಿಗೆ ಕಳಿಸಿ, ಬೋಲ್ಟ್‌ಗಳನ್ನೂ ಹೊಸದು ಹಾಕಿಸಿದೆ. ಟಾರ್ಕ್ ರೆಂಚ್ ಹಿಡಿದು ನಡುವಿನಿಂದ ಹೊರಗೆ ಬಿಗಿಯುವಾಗ ಪಕ್ಕದಲ್ಲೇ ನಿಂತಿದ್ದೆ. ಹುಡುಗನಿಗೆ ಕಿರಿಕಿರಿ ಆಗಿರಬೇಕು.

ಕೆಂಪು ಗೆರೆ ಮುಟ್ಟಿತ್ತಾ ಅಂದ ನಿಮ್ಮ ಪ್ರಶ್ನೆಗೆ ಉತ್ತರವೂ ಸಿಕ್ಕಿತು. 0.1 ಎಂಬುದನ್ನು ರಾತ್ರಿ ಊಟಕ್ಕೆ ಕೂತಾಗ ಹೇಳುತ್ತಿದ್ದೆ. ಮಗ ಅನ್ನ ಕಲಸುವುದನ್ನು ನಿಲ್ಲಿಸಿದ. ಕಳೆದ ಮಾರಿಕಾಂಬಾ ಜಾತ್ರೆಗೆ ಗೆಳೆಯರನ್ನು ತುಂಬಿಕೊಂಡು ಇದೇ ಗಾಡಿಯಲ್ಲಿ ಹೋಗಿದ್ದನಂತೆ. ಜನಜಂಗುಳಿಯಲ್ಲಿ ಮುಕ್ಕಾಲು ಗಂಟೆ ಗಾಡಿ ಇಂಚು ಇಂಚು ಸರಿದದ್ದು, ರೇಡಿಯೇಟರ್ ಫ್ಯಾನ್ ತಿರುಗುತ್ತಿರಲಿಲ್ಲ, ಮುಳ್ಳು ಕೆಂಪಿಗೆ ಹೋಯಿತು, ಬಾನೆಟ್ ಅಡಿಯಿಂದ ಆವಿ. ಯಾರೋ ಫ್ಯೂಸ್ ಬದಲಿಸಿ ಕೊಟ್ಟರು. ಕುಡಿಯಲು ತಂದ ತಣ್ಣೀರಿನ ಬಾಟಲಿಗಳನ್ನೇ ಒಳಗೆ ಸುರಿದು ಮನೆಗೆ ಬಂದಿದ್ದಾರೆ. ಮನೆಯಲ್ಲಿ ಒಬ್ಬರಿಗೂ ಹೇಳಿಲ್ಲ.

ಆಯಿ ಮಾತ್ರ "ಆವತ್ತು ಬಂದವನೇ ಗಾಡಿ ತೊಳೆದಿದ್ದ, ನನಗೆ ಆಗಲೇ ಅನ್ನಿಸಿತ್ತು" ಅಂದಳು.

ಜನವರಿ 25ಕ್ಕೆ ಘಟ್ಟ ಇಳಿದು ಹತ್ತಿದೆವು. ಹತ್ತುವಾಗ ಮಗನೇ ಓಡಿಸಿದ, ಎರಡನೇ ಗೇರಿನಲ್ಲಿ, ಮುಳ್ಳು ಅಲ್ಲಾಡಲಿಲ್ಲ. ಬೆಳಿಗ್ಗೆ ಪೈಪು ಮೆತ್ತಗಿತ್ತು. ಪುಸ್ತಕದಲ್ಲಿ ಸೊನ್ನೆ ಬರೆದಿದ್ದೇನೆ.